ಇನ್ನೂ ಜೋರಿನ ಇಂಜೆಕ್ಷನ್ ಕೇಳುವ ಮೊದಲು: ಕೆಚ್ಚಲು ಬಾವಿನ ಹಾಲು ಪರೀಕ್ಷೆ ಮಾಡಿಸುವುದು, ಲೆಕ್ಕ ಇಡುವುದು ಹೇಗೆ

“ಡಾಕ್ಟ್ರೇ, ಮೂರು ದಿನ ಇಂಜೆಕ್ಷನ್ ಆಯ್ತು. ಬಾವು ಇಳೀತಿಲ್ಲ, ಹಾಲಲ್ಲಿ ಇನ್ನೂ ಗರಣೆ ಬರ್ತಿದೆ. ಇದಕ್ಕಿಂತ ಜೋರಿನ ಔಷಧಿ ಯಾವುದಿದೆ?”

ಹಸು ಸಾಕುವವರು ನನ್ನನ್ನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದೇ. ಹೊಸದಾಗಿ ಕೆಲಸಕ್ಕೆ ಸೇರಿದ ಪಶುವೈದ್ಯರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಜೋರಿನ ಔಷಧಿ ಅಂತ ಒಂದಿಲ್ಲ. ಆ ಹಸುವಿನ ಆ ಮೊಲೆಯಲ್ಲಿ ಕೂತಿರುವ ಬ್ಯಾಕ್ಟೀರಿಯಾಕ್ಕೆ ತಾಗುವ ಔಷಧಿ ಇದೆ, ತಾಗದ ಔಷಧಿ ಇದೆ, ಅಷ್ಟೇ. ಯಾವುದು ಯಾವುದು ಅಂತ ಹಾಲು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಆ ಪರೀಕ್ಷೆಯ ಫಲಿತಾಂಶವನ್ನು ವರ್ಷಗಟ್ಟಲೆ ಬರೆದಿಟ್ಟರೆ ನಿಮ್ಮ ಕೊಟ್ಟಿಗೆಯಲ್ಲಿ, ನಿಮ್ಮ ಊರಿನಲ್ಲಿ ಯಾವ ಔಷಧಿ ಕೈಕೊಡುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಎರಡನ್ನೂ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಎಮ್ಮೆಗೂ ಇದೇ ಕ್ರಮ.

ಮೊದಲು ನಾಲ್ಕು ಪದ

ಆಂಟಿಬಯಾಟಿಕ್ ಎಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ಬೆಳೆಯದಂತೆ ತಡೆಯುವ ಔಷಧಿ. ಜ್ವರ ಇಳಿಸುವ, ನೋವು ಕಡಿಮೆ ಮಾಡುವ ಇಂಜೆಕ್ಷನ್ ಆಂಟಿಬಯಾಟಿಕ್ ಅಲ್ಲ.

ಪ್ರತಿರೋಧ ಎಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗದಿರುವುದು. “ಹಸುವಿನ ಮೈಗೆ ಔಷಧಿ ಒಗ್ಗಿಹೋಗಿದೆ” ಎಂದು ಹೇಳುವುದು ರೂಢಿ. ಒಗ್ಗುವುದು ಹಸುವಿಗಲ್ಲ, ಬ್ಯಾಕ್ಟೀರಿಯಾಕ್ಕೆ. ಈ ವ್ಯತ್ಯಾಸ ಸಣ್ಣದಲ್ಲ. ಬಗ್ಗದ ಬ್ಯಾಕ್ಟೀರಿಯಾ ಹಾಲು ಕರೆಯುವ ಕೈಯಿಂದ ಪಕ್ಕದ ಹಸುವಿಗೆ ಹೋಗುತ್ತದೆ. ಆ ಹಸು ಜನ್ಮದಲ್ಲಿ ಒಂದು ಇಂಜೆಕ್ಷನ್ ಕಂಡಿರದಿದ್ದರೂ ಅದಕ್ಕೆ ಔಷಧಿ ಹತ್ತುವುದಿಲ್ಲ.

ಕಲ್ಚರ್ ಎಂದರೆ ಹಾಲಿನ ಹನಿಯನ್ನು ಜೆಲ್ಲಿಯಂಥ ಆಹಾರವಿರುವ ತಟ್ಟೆಯ ಮೇಲೆ ಸವರಿ, ಅದರೊಳಗಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತು ಹಿಡಿಯುವುದು. ಹಾಗೆ ಬೆಳೆದದ್ದು ಯಾವ ಔಷಧಿಗೆ ಸಾಯುತ್ತದೆ ಎಂದು ನೋಡುವುದೇ ಸೆನ್ಸಿಟಿವಿಟಿ ಟೆಸ್ಟ್. ಲ್ಯಾಬ್‌ನಲ್ಲಿ ಇದನ್ನು ‘ಎಬಿಎಸ್‌ಟಿ’ ಎನ್ನುತ್ತಾರೆ. ಅರ್ಜಿಯಲ್ಲಿ “ಕಲ್ಚರ್ ಮತ್ತು ಎಬಿಎಸ್‌ಟಿ” ಅಂತ ಎರಡನ್ನೂ ಬರೆಯಿರಿ. ಬರೀ “ಹಾಲು ಪರೀಕ್ಷೆ” ಎಂದು ಬರೆದರೆ ಫ್ಯಾಟ್ ನೋಡಿ ಕಳಿಸಿದರೂ ಆಶ್ಚರ್ಯವಿಲ್ಲ.

ಏನೇನು ಬೇಕು

ಸ್ಟೆರೈಲ್ ಟ್ಯೂಬ್, ಅಂದರೆ ಕ್ರಿಮಿ ಇಲ್ಲದಂತೆ ಮಾಡಿ ಮುಚ್ಚಿದ ಸಣ್ಣ ಕೊಳವೆ. ಪಶು ಆಸ್ಪತ್ರೆಯಲ್ಲೋ ಲ್ಯಾಬ್‌ನಲ್ಲೋ ಕೇಳಿ. ಸಿಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಮೂತ್ರ ಪರೀಕ್ಷೆಗೆಂದು ಮಾರುವ ಸ್ಟೆರೈಲ್ ಡಬ್ಬಿ ಆದೀತು, ಕವರ್ ಒಡೆದಿರಬಾರದು. ಹತ್ತಿ, 70 ಶೇಕಡಾ ಸ್ಪಿರಿಟ್, ಕೈಗವಸು, ನೀರಿಗೆ ಅಳಿಸದ ಮಾರ್ಕರ್ ಪೆನ್, ಐಸ್ ಪ್ಯಾಕ್ ಇಟ್ಟ ಡಬ್ಬಿ ಅಥವಾ ಅಗಲ ಬಾಯಿಯ ಫ್ಲಾಸ್ಕ್. ಜೊತೆಗೆ ಒಂದು ನೂರು ಪುಟದ ನೋಟ್ ಪುಸ್ತಕ.

ಮನೆಯ ಬಾಟಲಿ ತೊಳೆದು ಕುದಿಸಿ ತರುವವರಿದ್ದಾರೆ. ಬೇಡ. ಔಷಧಿಯ ಖಾಲಿ ಸೀಸೆಯಂತೂ ಬೇಡವೇ ಬೇಡ. ತಳದಲ್ಲಿ ಉಳಿದ ಒಂದು ಹನಿ ಆಂಟಿಬಯಾಟಿಕ್ ಸಾಕು, ಲ್ಯಾಬ್‌ನಲ್ಲಿ ಏನೂ ಬೆಳೆಯುವುದಿಲ್ಲ.

ಹಂತ 1: ಯಾವ ಮೊಲೆ ಎಂದು ಗುರುತಿಸಿ

ಬಾವು ಎದ್ದು ಕಾಣುತ್ತಿದ್ದರೆ ಇದಕ್ಕೆ ಹೆಚ್ಚು ಹೊತ್ತು ಬೇಡ. ಹಾಲು ಕಡಿಮೆಯಾಗಿದೆ, ಬಾವು ಮಾತ್ರ ಕಾಣುತ್ತಿಲ್ಲ ಎಂದಾದರೆ ಸಿಎಂಟಿ ಮಾಡಿಸಿ. ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಕರೆದು, ಅಷ್ಟೇ ಪ್ರಮಾಣದ ದ್ರಾವಣ ಹಾಕಿ ತಿರುಗಿಸುವ ಪರೀಕ್ಷೆ ಅದು. ಹಾಲು ಲೋಳೆಯಾದರೆ ಆ ಮೊಲೆಯಲ್ಲಿ ಗುಪ್ತ ಬಾವು ಇದೆ ಎಂದರ್ಥ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ಎಂಬುದನ್ನು ಸಿಎಂಟಿ ಹೇಳುವುದಿಲ್ಲ.

ಜೊತೆಗೆ ಮೂರು ದರ್ಜೆಯಲ್ಲಿ ಯಾವುದು ಎಂದು ಬರೆದುಕೊಳ್ಳಿ. ಹಾಲು ಮಾತ್ರ ಕೆಟ್ಟಿದ್ದರೆ 1. ಕೆಚ್ಚಲೂ ಊದಿ ಬಿಸಿಯಾಗಿದ್ದರೆ 2. ಹಸು ಮೇವು ಬಿಟ್ಟು, ಜ್ವರ ಬಂದು ಮಂಕಾಗಿದ್ದರೆ 3.

ಹಂತ 2: ಸೂಜಿಗೆ ಮೊದಲು ಸ್ಯಾಂಪಲ್

ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಆಂಟಿಬಯಾಟಿಕ್ ಒಂದು ಡೋಸ್ ಒಳಗೆ ಹೋದಮೇಲೆ ಹಿಡಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಬಹುದು. ವರದಿಯಲ್ಲಿ “ಬೆಳವಣಿಗೆ ಇಲ್ಲ” ಎಂದು ಬರುತ್ತದೆ. ನೀವು “ಲ್ಯಾಬ್‌ನವರಿಗೆ ಏನೂ ಗೊತ್ತಿಲ್ಲ” ಎನ್ನುತ್ತೀರಿ.

ಹಾಗಂತ ಚಿಕಿತ್ಸೆ ತಡ ಮಾಡಬೇಕಿಲ್ಲ. ಸ್ಯಾಂಪಲ್ ಹಿಡಿಯಲು ಬೇಕಿರುವುದು ಐದು ನಿಮಿಷ. ದರ್ಜೆ 3 ಆಗಿದ್ದರೆ ಸ್ಯಾಂಪಲ್ ಹಿಡಿದ ಕೂಡಲೇ ವೈದ್ಯರು ಚಿಕಿತ್ಸೆ ಶುರು ಮಾಡಲಿ. ವರದಿ ಬಂದಮೇಲೆ ಬೇಕಿದ್ದರೆ ಔಷಧಿ ಬದಲಾಯಿಸಬಹುದು. ಅಂಥ ಹಸುವನ್ನು ವರದಿಗೆ ಕಾಯಿಸುವುದು ಅಪಾಯ. ದರ್ಜೆ 1 ಆಗಿದ್ದರೆ ಒಂದು ದಿನ ಪದೇ ಪದೇ ಹಾಲು ಹಿಂಡಿ ತೆಗೆಯುತ್ತಾ ಕಾಯಬಹುದೇ ಎಂದು ವೈದ್ಯರನ್ನೇ ಕೇಳಿ. ಇ. ಕೋಲೈ ಬ್ಯಾಕ್ಟೀರಿಯಾದಿಂದ ಬಂದ ಸೌಮ್ಯ ಬಾವು ಎಷ್ಟೋ ಸಲ ಆಂಟಿಬಯಾಟಿಕ್ ಇಲ್ಲದೆಯೇ ಇಳಿಯುತ್ತದೆ.

ಈಗಾಗಲೇ ಔಷಧಿ ಹಾಕಿಬಿಟ್ಟಿದ್ದರೆ? ಮುಚ್ಚಿಡಬೇಡಿ. ಯಾವುದು, ಎಷ್ಟು, ಯಾವಾಗ ಎಂದು ಅರ್ಜಿಯಲ್ಲಿ ಬರೆಯಿರಿ. ಮೆಡಿಕಲ್ ಶಾಪಿನಿಂದ ತಂದು ನೀವೇ ಕೊಟ್ಟಿದ್ದರೂ ಬರೆಯಿರಿ, ಯಾರೂ ಬೈಯುವುದಿಲ್ಲ.

ಹಂತ 3: ಹಾಲು ಹಿಡಿಯುವುದು

ಲ್ಯಾಬ್‌ಗೆ ಬರುವ ಸ್ಯಾಂಪಲ್ ಜಾಸ್ತಿ ಕೆಡುವುದು ಇಲ್ಲೇ. ಸೆಗಣಿಯಲ್ಲಿ, ಮೊಲೆಯ ಚರ್ಮದ ಮೇಲೆ, ನಿಮ್ಮ ಬೆರಳಲ್ಲಿ ಎಲ್ಲೆಡೆ ಬ್ಯಾಕ್ಟೀರಿಯಾ ಇರುತ್ತದೆ. ಒಂದು ಕೂದಲು ಟ್ಯೂಬಿಗೆ ಬಿದ್ದರೂ ನೀವು ಕಳಿಸುವುದು ಕೆಚ್ಚಲ ಒಳಗಿನ ಹಾಲಲ್ಲ, ಕೊಟ್ಟಿಗೆಯ ಸ್ಯಾಂಪಲ್. ಒಂದೇ ಟ್ಯೂಬಿನಲ್ಲಿ ಮೂರು ಅಥವಾ ಅದಕ್ಕೂ ಜಾಸ್ತಿ ಬಗೆಯ ಬ್ಯಾಕ್ಟೀರಿಯಾ ಬೆಳೆದರೆ ಲ್ಯಾಬ್‌ನವರು ಅದನ್ನು “ಕಲುಷಿತ” ಎಂದು ಬದಿಗಿಡುತ್ತಾರೆ.

ಬೆಳಗ್ಗೆ ಕರೆಯುವ ಹೊತ್ತಿಗೇ ಹಿಡಿಯಿರಿ. ಕಸ ಗುಡಿಸಿ ದೂಳು ಎದ್ದಿರುವಾಗ, ಮೇವು ಕೊಡವುತ್ತಿರುವಾಗ ಬೇಡ. ಕೆಚ್ಚಲು ಕೊಳೆಯಾಗಿದ್ದರೆ ಮಾತ್ರ ತೊಳೆದು, ಪೂರ್ತಿ ಒಣಗುವಂತೆ ಒರೆಸಿ. ಒದ್ದೆ ಕೆಚ್ಚಲಿನಿಂದ ಇಳಿಯುವ ನೀರು ನೇರ ಟ್ಯೂಬಿಗೇ ಬರುತ್ತದೆ. ಕೈಗವಸು ಹಾಕಿಕೊಳ್ಳಿ. ಮೊದಲ ಮೂರು ನಾಲ್ಕು ಧಾರೆಯನ್ನು ಒಂದು ಬಟ್ಟಲಿಗೆ ಕರೆದು ಚೆಲ್ಲಿ. ನೆಲಕ್ಕೆ ಕರೆದರೆ ಪಕ್ಕದ ಹಸು ಅದರ ಮೇಲೇ ಮಲಗುತ್ತದೆ.

ಈಗ ಸ್ಪಿರಿಟ್ ಹತ್ತಿ. ಮೊಲೆಯ ತುದಿಯನ್ನು, ಹಾಲು ಬರುವ ತೂತಿನ ಸುತ್ತ, ಒತ್ತಿ ಒರೆಸಿ. ಹತ್ತಿ ಕಪ್ಪಾದರೆ ಇನ್ನೊಂದು. ಅದೂ ಕೊಳೆಯಾದರೆ ಮತ್ತೊಂದು. ಹತ್ತಿ ಬೆಳ್ಳಗೆ ಉಳಿಯುವ ತನಕ. ಆಮೇಲೆ ಅರ್ಧ ನಿಮಿಷ ಸುಮ್ನೆ ಬಿಡಿ, ಸ್ಪಿರಿಟ್ ಆರಲಿ. ಬಾಯಿಂದ ಊದಬೇಡಿ!

ಒಂದಕ್ಕಿಂತ ಹೆಚ್ಚು ಮೊಲೆಯಿಂದ ಹಿಡಿಯುವುದಾದರೆ ನಿಮಗೆ ದೂರವಿರುವ ಮೊಲೆ ಮೊದಲು ಒರೆಸಿ, ಹತ್ತಿರದ್ದು ಆಮೇಲೆ. ಹಾಲು ಹಿಡಿಯುವಾಗ ಉಲ್ಟಾ: ಹತ್ತಿರದ್ದು ಮೊದಲು, ದೂರದ್ದು ಕೊನೆಗೆ. ಒರೆಸಿ ಶುದ್ಧ ಮಾಡಿದ ಮೊಲೆಗೆ ನಿಮ್ಮ ತೋಳು ತಾಗದಿರಲಿ ಅಂತ ಈ ಉಪಾಯ. ಪ್ರತಿ ಮೊಲೆಗೂ ಬೇರೆ ಟ್ಯೂಬ್. ನಾಲ್ಕನ್ನೂ ಒಂದಕ್ಕೆ ಕರೆದು ಬೆರೆಸಬೇಡಿ.

ಟ್ಯೂಬನ್ನು ಹೆಚ್ಚುಕಡಿಮೆ ಅಡ್ಡವಾಗಿ ಓರೆ ಹಿಡಿಯಿರಿ. ನೆಟ್ಟಗೆ ಹಿಡಿದರೆ ಕೆಚ್ಚಲಿಂದ ಉದುರುವ ದೂಳು, ಕೂದಲು ಒಳಗೆ ಬೀಳುತ್ತದೆ. ಮುಚ್ಚಳವನ್ನು ನೆಲದ ಮೇಲೆ, ಜೇಬಿನಲ್ಲಿ, ಹಲ್ಲಿನ ನಡುವೆ ಇಡುವುದು ಬೇಡ. ಟ್ಯೂಬ್ ಹಿಡಿದ ಕೈಯ ಕಿರುಬೆರಳಿನಲ್ಲೇ ಅದನ್ನು, ಒಳಮೈ ಕೆಳಗೆ ಮಾಡಿ, ಸಿಕ್ಕಿಸಿಕೊಳ್ಳಿ. ಟ್ಯೂಬಿನ ಬಾಯಿ ಮೊಲೆಗೆ ತಾಗದಂತೆ ಒಂದೆರಡು ಧಾರೆ ಬಿಡಿ. 3ರಿಂದ 5 ಮಿ.ಲೀ. ಸಾಕು. ಜಾಸ್ತಿ ಕಳಿಸಿದರೆ ಫಲಿತಾಂಶ ಇನ್ನೂ ಚೆನ್ನಾಗೇನೂ ಬರುವುದಿಲ್ಲ, ಮಾಲಿನ್ಯ ಸೇರುವ ಅವಕಾಶ ಮಾತ್ರ ಜಾಸ್ತಿ.

ಹಂತ 4: ಹೆಸರು ಬರೆದು, ತಣ್ಣಗೆ ಕಳಿಸಿ

ಹಾಲು ಹಿಡಿಯುವ ಮೊದಲೇ ಟ್ಯೂಬಿನ ಮೇಲೆ ಬರೆದಿರಿ. ಒದ್ದೆ ಟ್ಯೂಬಿನ ಮೇಲೆ ಮಾರ್ಕರ್ ಹತ್ತುವುದಿಲ್ಲ. ಮುಚ್ಚಳದ ಮೇಲೆ ಬರೆಯಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ. “ಗೌರಿ” ಎಂದು ಬರೆದರೆ ಸಾಲದು, ಊರಿಗೆ ಹತ್ತು ಗೌರಿ. ಕಿವಿಯೋಲೆಯ 12 ಅಂಕಿ, ದಿನಾಂಕ, ಮೊಲೆ: ಬಲ ಮುಂದು, ಬಲ ಹಿಂದು, ಎಡ ಮುಂದು, ಎಡ ಹಿಂದು. ಬಲ ಎಡ ಎಂದರೆ ಹಸುವಿನ ಬಲ ಎಡ. ನೀವು ಎದುರು ನಿಂತು ನೋಡಿದ್ದಲ್ಲ.

ಕೂಡಲೇ ಐಸ್ ಡಬ್ಬಿಗೆ ಹಾಕಿ. 24 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಎರಡು ಗಂಟೆ ಇದ್ದರೆ ಹಾಲಿನಲ್ಲಿ ಬೇಡದ್ದೆಲ್ಲ ಬೆಳೆಯುತ್ತದೆ. ತಡವಾಗುವುದು ಖಚಿತವಿದ್ದರೆ ಫ್ರೀಜರಿನಲ್ಲಿಡಬಹುದು, ಆದರೆ ಅರ್ಜಿಯಲ್ಲಿ ಹೇಳಿ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹೆಪ್ಪುಗಟ್ಟಿದರೂ ಬದುಕುತ್ತದೆ, ಇ. ಕೋಲೈ ಕಡಿಮೆಯಾಗಬಹುದು.

ಇನ್ನೊಂದು ಸಣ್ಣ ಸಂಗತಿ, ಆದರೆ ಇದರಿಂದಲೂ ಸ್ಯಾಂಪಲ್ ಹಾಳಾಗುತ್ತದೆ: ಕ್ಯಾಲೆಂಡರ್ ನೋಡಿ. ಶುಕ್ರವಾರ ಸಂಜೆ ಕಳಿಸಿ, ಮಾರನೇ ದಿನ ಎರಡನೇ ಅಥವಾ ನಾಲ್ಕನೇ ಶನಿವಾರವಾಗಿದ್ದರೆ, ನಿಮ್ಮ ಟ್ಯೂಬ್ ಸೋಮವಾರದ ತನಕ ಬಾಗಿಲಲ್ಲೇ ಕೂತಿರುತ್ತದೆ.

ಎಲ್ಲಿಗೆ ಕಳಿಸುವುದು? ಮೊದಲು ನಿಮ್ಮ ಪಶು ಆಸ್ಪತ್ರೆ ಅಥವಾ ಹಾಲು ಒಕ್ಕೂಟದ ವೈದ್ಯರನ್ನು ಕೇಳಿ. ಪಶುವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿ ವಿಭಾಗದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಕಾಲೇಜುಗಳಿವೆ. ಹೆಬ್ಬಾಳದಲ್ಲೇ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಇದೆ. ಎಲ್ಲಿಗಾದರೂ ಸರಿ, ಹೊರಡುವ ಮೊದಲು ಒಂದು ಫೋನ್ ಮಾಡಿ, ಶುಲ್ಕ ಎಷ್ಟು, ಯಾವ ದಿನ ತೆಗೆದುಕೊಳ್ಳುತ್ತಾರೆ ಎಂದು ಕೇಳಿಕೊಳ್ಳಿ.

ಹಂತ 5: ವರದಿ ಓದುವುದು

ಎರಡು ಮೂರು ದಿನ ಹಿಡಿಯುತ್ತದೆ. ಬೆಳೆಯಲು ಒಂದು ದಿನ, ಗುರುತಿಸಲು ಮತ್ತಷ್ಟು, ಔಷಧಿ ಪರೀಕ್ಷೆಗೆ 16ರಿಂದ 18 ಗಂಟೆ. “ಇವತ್ತೇ ಹೇಳಿ” ಎಂದರೆ ಬ್ಯಾಕ್ಟೀರಿಯಾ ಕೇಳುವುದಿಲ್ಲ.

ಲ್ಯಾಬ್‌ನಲ್ಲಿ ಮಾಡುವುದಿಷ್ಟು. ಬ್ಯಾಕ್ಟೀರಿಯಾವನ್ನು ತಟ್ಟೆ ತುಂಬ ಸವರಿ, ಔಷಧಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಬಿಲ್ಲೆಯ ಅಗಲ 6 ಮಿ.ಮೀ. ಮಾರನೇ ದಿನ ತಟ್ಟೆ ತುಂಬ ಮಸುಕು ಪದರ ಬೆಳೆದಿರುತ್ತದೆ. ಔಷಧಿ ತಾಗಿದ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿ ವೃತ್ತ. ಆ ವೃತ್ತವನ್ನು ಅಳತೆಪಟ್ಟಿಯಲ್ಲಿ ಅಳೆದು, ಆ ಔಷಧಿಗೆಂದೇ ಇರುವ ಗಡಿಗೆ ಹೋಲಿಸಿ ‘ಎಸ್’, ‘ಐ’ ಅಥವಾ ‘ಆರ್’ ಎಂದು ಬರೆಯುತ್ತಾರೆ. ಎಸ್ ಎಂದರೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ, ಐ ಎಂದರೆ ನಡುವೆ.

ಎಲ್ಲರೂ ಎಡವುವುದು ಇಲ್ಲಿ. ವರದಿಯಲ್ಲಿ ಅತಿ ದೊಡ್ಡ ವೃತ್ತ ಯಾವುದಕ್ಕಿದೆಯೋ ಅದೇ “ಬೆಸ್ಟ್” ಔಷಧಿ ಎಂದು ತಿಳಿಯುತ್ತಾರೆ. ತಪ್ಪು. ಲ್ಯಾಬ್‌ಗಳು ತಮ್ಮ ಪರೀಕ್ಷೆ ಸರಿಯಿದೆಯೇ ಎಂದು ನೋಡಲು ‘ಎಟಿಸಿಸಿ 25922’ ಎಂಬ ಒಂದು ಇ. ಕೋಲೈ ತಳಿ ಇಟ್ಟುಕೊಂಡಿರುತ್ತವೆ. ಅದು ಜೆಂಟಾಮೈಸಿನ್‌ಗೂ ಬಗ್ಗುತ್ತದೆ, ಸಿಪ್ರೋಫ್ಲಾಕ್ಸಾಸಿನ್‌ಗೂ ಬಗ್ಗುತ್ತದೆ. ಆದರೂ ಜೆಂಟಾಮೈಸಿನ್ ಸುತ್ತ 19ರಿಂದ 26 ಮಿ.ಮೀ. ವೃತ್ತ ಬರಬೇಕು, ಸಿಪ್ರೋಫ್ಲಾಕ್ಸಾಸಿನ್ ಸುತ್ತ 30ರ ಆಸುಪಾಸು ಅಥವಾ ಅದಕ್ಕೂ ಜಾಸ್ತಿ. ಔಷಧಿ ಜೆಲ್ಲಿಯಲ್ಲಿ ಎಷ್ಟು ದೂರ ಹರಡುತ್ತದೆ ಎಂಬುದೂ ಅದರಲ್ಲಿ ಸೇರಿದೆ. ಆದ್ದರಿಂದ ಒಂದು ಔಷಧಿಯ ಮಿ.ಮೀ.ಯನ್ನು ಇನ್ನೊಂದರ ಮಿ.ಮೀ.ಗೆ ಹೋಲಿಸಬೇಡಿ.

ಎಸ್ ಎಂದರೆ ವಾಸಿಯಾಗುತ್ತದೆ ಎಂಬ ಖಾತರಿಯಲ್ಲ. ತಟ್ಟೆಯ ಮೇಲೆ ಸತ್ತದ್ದು ಕೆಚ್ಚಲೊಳಗೆ ಸಾಯಬೇಕಾದರೆ ಔಷಧಿ ಅಲ್ಲಿ ತಲುಪಬೇಕು. ಜೆಂಟಾಮೈಸಿನ್ ರಕ್ತದಿಂದ ಕೆಚ್ಚಲಿಗೆ ಸರಿಯಾಗಿ ಇಳಿಯುವುದಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಜೀವಕೋಶಗಳ ಒಳಗೆ, ಸಣ್ಣ ಕೀವಿನ ಗಂಟುಗಳಲ್ಲಿ ಅಡಗಿ ಕೂರುತ್ತದೆ. ಇನ್ನೂ ಒಂದು ವಿಷಯ: ದನಗಳ ಕೆಚ್ಚಲು ಬಾವಿಗೆಂದೇ ಗಡಿ ನಿಗದಿಯಾಗಿರುವ ಔಷಧಿಗಳು ಕೆಲವೇ ಕೆಲವು. ಉಳಿದವಕ್ಕೆ ಮನುಷ್ಯರ ಗಡಿಯನ್ನೇ ಎರವಲು ತರುತ್ತಾರೆ. ಆದರೆ ಆರ್ ಬಂದದ್ದನ್ನು ಗಂಭೀರವಾಗಿಯೇ ತೆಗೆದುಕೊಳ್ಳಿ. ಆರ್ ಬಂದ ಔಷಧಿಯನ್ನು “ಇರಲಿ, ಒಂದು ಡೋಸ್ ನೋಡೋಣ” ಎಂದು ಹಾಕುವುದರಲ್ಲಿ ಅರ್ಥವಿಲ್ಲ.

ಎಸ್ ಇರುವವುಗಳಲ್ಲಿ ಯಾವುದನ್ನು ಆರಿಸುವುದು ವೈದ್ಯರ ಕೆಲಸ. ನನ್ನ ಅಭಿಪ್ರಾಯ ಇಷ್ಟು: ಹಳೆಯದು, ಅಗ್ಗದ್ದು ಎಂದು ಪೆನಿಸಿಲಿನ್ ಅನ್ನು ಕೀಳಾಗಿ ಕಾಣಬೇಡಿ. ಸ್ಟ್ರೆಪ್ಟೋಕಾಕಸ್ ಅಗಲ್ಯಾಕ್ಟಿಯೇ ಎಂಬ ಬ್ಯಾಕ್ಟೀರಿಯಾ ಇವತ್ತಿಗೂ ಸಾಮಾನ್ಯವಾಗಿ ಅದಕ್ಕೆ ಬಗ್ಗುತ್ತದೆ. ಸೆಫ್ಟ್ರಿಯಾಕ್ಸೋನ್ ಇರುವ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳು ಮತ್ತು ಎನ್ರೋಫ್ಲಾಕ್ಸಾಸಿನ್ ಇರುವ ಕ್ವಿನೋಲೋನ್ ಗುಂಪು, ಇವೆರಡೂ ಮನುಷ್ಯರಿಗೆ ಅತಿ ಮುಖ್ಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಪಟ್ಟಿಯಲ್ಲಿವೆ. ಬೇರೆ ದಾರಿ ಇದ್ದಾಗ ಇವನ್ನು ಮುಟ್ಟದಿರುವುದು ಮೇಲು. ಅದೇ ಪಟ್ಟಿಯಲ್ಲಿರುವ ಕೊಲಿಸ್ಟಿನ್ ಅನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

“ಬೆಳವಣಿಗೆ ಇಲ್ಲ” ಎಂಬ ವರದಿ ಅಪರೂಪವೇನಲ್ಲ. ಹಿಂದೆ ಔಷಧಿ ಬಿದ್ದಿರಬಹುದು, ಹಸುವೇ ಬ್ಯಾಕ್ಟೀರಿಯಾವನ್ನು ಕೊಂದು ಮುಗಿಸಿರಬಹುದು, ಸ್ಟ್ಯಾಫಿಲೋಕಾಕಸ್ ಆರಿಯಸ್ ಆ ದಿನ ಹಾಲಿಗೆ ಇಳಿಯದೇ ಇದ್ದಿರಬಹುದು. ಬಾವು ಹಾಗೇ ಇದ್ದರೆ ಮತ್ತೊಮ್ಮೆ ಸ್ಯಾಂಪಲ್ ಹಿಡಿಯಿರಿ.

ಹಂತ 6: ಪುಸ್ತಕ

ಒಂದು ವರದಿ ಒಂದು ಹಸುವಿನ ಚಿಕಿತ್ಸೆಗೆ. ನಿಗಾ ಅನ್ನುವುದು ಶುರುವಾಗುವುದು ಪುಸ್ತಕದಿಂದ. ಪ್ರತಿ ಸಲ ಬರೆಯಬೇಕಾದದ್ದು: ದಿನಾಂಕ, ಕಿವಿಯೋಲೆ, ಮೊಲೆ, ದರ್ಜೆ, ಸ್ಯಾಂಪಲ್ ಕಳಿಸಿದ್ದು, ಕೊಟ್ಟ ಔಷಧಿ, ಪ್ರಮಾಣ, ಎಷ್ಟು ದಿನ, ಕೊನೆಯ ಡೋಸ್ ಯಾವಾಗ, ಹಾಲು ಮತ್ತೆ ಡೇರಿಗೆ ಹಾಕಿದ್ದು ಯಾವಾಗ, ವಾಸಿಯಾಯಿತೇ.

ಔಷಧಿಯ ಬ್ರ್ಯಾಂಡ್ ಹೆಸರಿನ ಜೊತೆ ಒಳಗಿರುವ ಮದ್ದಿನ ಹೆಸರನ್ನೂ ಬರೆಯಿರಿ. ಸೀಸೆಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. “ಮೂರು ಔಷಧಿ ಬದಲಾಯಿಸಿದೆವು, ಯಾವುದೂ ಹತ್ತಲಿಲ್ಲ” ಎಂದು ಒಬ್ಬರು ಮೂರು ಖಾಲಿ ಸೀಸೆ ತಂದು ಮೇಜಿನ ಮೇಲೆ ಇಟ್ಟಿದ್ದರು. ಮೂರರಲ್ಲೂ ಸೆಫ್ಟ್ರಿಯಾಕ್ಸೋನ್. ಬದಲಾಗಿದ್ದು ಕಂಪನಿ, ಬೆಲೆ, ಮುಚ್ಚಳದ ಬಣ್ಣ.

ಹಾಲು ತಡೆಹಿಡಿಯುವ ಅವಧಿ ಲೇಬಲ್ ಮೇಲೆ ಇರುತ್ತದೆ. ಪರೀಕ್ಷೆಯಿಂದ ಅವಧಿ ನಿಗದಿಯಾಗಿಲ್ಲದ ಔಷಧಿಗೆ ದೇಶದ ಔಷಧ ನಿಯಮಗಳ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಲೆಕ್ಕ ಕೊನೆಯ ಡೋಸ್‌ನಿಂದ, ಮೊದಲನೆಯದರಿಂದಲ್ಲ. ನಾಲ್ಕೂ ಮೊಲೆಗೆ ಅನ್ವಯ, ಬಾವು ಬಂದದ್ದಕ್ಕೆ ಮಾತ್ರ ಅಲ್ಲ. ಆ ಹಾಲನ್ನು ಕರುವಿಗೂ ಕುಡಿಸಬೇಡಿ. ಕರುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಸ್ವಲ್ಪವೇ ಔಷಧಿ ತೋರಿಸಿ, ಬಗ್ಗದಂತೆ ನೀವೇ ತಯಾರು ಮಾಡಿದ ಹಾಗಾಗುತ್ತದೆ.

ಹಂತ 7: ಊರಿನ ಲೆಕ್ಕ (ಇದು ಪಶುವೈದ್ಯರಿಗೆ, ಡೇರಿ ಕಾರ್ಯದರ್ಶಿಗಳಿಗೆ)

ಐದು ಹಸುವಿನ ಕೊಟ್ಟಿಗೆಯ ಪುಸ್ತಕದಿಂದ ಶೇಕಡಾವಾರು ಲೆಕ್ಕ ಹಾಕಬೇಡಿ. ನಾಲ್ಕರಲ್ಲಿ ಮೂರು ಆರ್ ಬಂದರೆ ಅದು “75 ಶೇಕಡಾ ಪ್ರತಿರೋಧ” ಅಲ್ಲ, ಮೂರು ಹಸು. ಒಂದು ಜಾತಿಯ ಬ್ಯಾಕ್ಟೀರಿಯಾದ ಕನಿಷ್ಠ 30 ಮಾದರಿ ಸೇರಿದ ಮೇಲೆ ಶೇಕಡಾ ಹೇಳುವುದು ರೂಢಿ. ಹಾಗಾಗಿ ಊರುಗಳನ್ನು, ಬೇಕಿದ್ದರೆ ಇಡೀ ತಾಲ್ಲೂಕನ್ನು ಒಟ್ಟು ಸೇರಿಸಿ. ಒಂದೇ ಹಸುವಿನ ಒಂದೇ ಬ್ಯಾಕ್ಟೀರಿಯಾ ಆ ವರ್ಷ ನಾಲ್ಕು ಸಲ ಬಂದರೂ ಮೊದಲನೆಯದನ್ನಷ್ಟೇ ಎಣಿಸಿ. ಇಲ್ಲದಿದ್ದರೆ ಒಂದು ಹಟಮಾರಿ ಹಸು ಇಡೀ ತಾಲ್ಲೂಕಿನ ಅಂಕಿಯನ್ನು ಎಳೆದುಬಿಡುತ್ತದೆ.

ಎಸ್, ಆರ್ ಮಾತ್ರ ದಾಖಲಿಸಬೇಡಿ, ಮಿ.ಮೀ. ಕೂಡ ಇರಲಿ. ಗಡಿಗಳು ಬದಲಾಗುತ್ತವೆ. ಇ. ಕೋಲೈಗೆ ಸಿಪ್ರೋಫ್ಲಾಕ್ಸಾಸಿನ್ ಎಸ್ ಆಗಲು ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ ಮನುಷ್ಯರಿಗಾಗಿ ಇಟ್ಟಿದ್ದ ಗಡಿ ಮೊದಲು 21 ಮಿ.ಮೀ. ಇತ್ತು, 2019ರಲ್ಲಿ 26 ಆಯಿತು. 23 ಮಿ.ಮೀ. ಬಂದದ್ದು 2018ರಲ್ಲಿ ಎಸ್, ಮರುವರ್ಷ ಐ. ಬ್ಯಾಕ್ಟೀರಿಯಾ ಅದೇ. ಮಿ.ಮೀ. ಬರೆದಿಟ್ಟವರು ಹಳೆಯದನ್ನು ಹೊಸ ಗಡಿಯಲ್ಲಿ ಮತ್ತೆ ಲೆಕ್ಕ ಹಾಕಬಹುದು. ಉಳಿದವರು ಒಂದೇ ವರ್ಷದಲ್ಲಿ ಪ್ರತಿರೋಧ ಏರಿತು ಎಂದು ಗಾಬರಿಯಾಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ‘ಹೂನೆಟ್’ ಎಂಬ ಉಚಿತ ಸಾಫ್ಟ್‌ವೇರ್ ಈ ಲೆಕ್ಕವನ್ನೆಲ್ಲ ಮಾಡಿಕೊಡುತ್ತದೆ. ಶುರುವಿಗೆ ಎಕ್ಸೆಲ್ ಶೀಟ್ ಸಾಕು.

ಅಂಕಿಯನ್ನು ಸದ್ದಿಲ್ಲದೆ ಕೆಡಿಸುವ ತಪ್ಪು ಇನ್ನೊಂದಿದೆ. ಹೆಚ್ಚಿನ ಕಡೆ ಲ್ಯಾಬ್‌ಗೆ ಹೋಗುವುದು ಔಷಧಿ ಸೋತ ಮೇಲೆ. ಮೊದಲ ಔಷಧಿಗೇ ವಾಸಿಯಾದ ಹಸುವಿನ ಹಾಲನ್ನು ಯಾರು ಕಳಿಸುತ್ತಾರೆ ಹೇಳಿ? ಹೀಗಾಗಿ ಲ್ಯಾಬ್ ನೋಡುವುದೆಲ್ಲ ಹಟಮಾರಿ ಕೇಸುಗಳೇ, ವರದಿಯಲ್ಲಿ ಪ್ರತಿರೋಧ ಊರಲ್ಲಿರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಅದನ್ನು ನೋಡಿ ವೈದ್ಯರು ಹಳೇ ಔಷಧಿ ಬಿಟ್ಟು ಹೊಸದಕ್ಕೆ ಹಾರುತ್ತಾರೆ. ಇದಕ್ಕೆ ಪರಿಹಾರ ಸರಳ. ತಿಂಗಳಲ್ಲಿ ಒಂದು ವಾರ ಗೊತ್ತು ಮಾಡಿಕೊಂಡು, ಆ ವಾರ ಬಂದ ಪ್ರತಿ ಹೊಸ ಬಾವಿನ ಕೇಸಿನಿಂದಲೂ, ಸೌಮ್ಯವಿರಲಿ ಜೋರಿರಲಿ, ಚಿಕಿತ್ಸೆಗೆ ಮೊದಲು ಒಂದು ಸ್ಯಾಂಪಲ್ ಹಿಡಿಯಿರಿ. ಔಷಧಿ ಸೋತ ಕೇಸುಗಳನ್ನು ಬೇರೆ ಹಾಳೆಯಲ್ಲಿಡಿ, ಎರಡನ್ನೂ ಕಲಸಬೇಡಿ.

ಎಷ್ಟು ಔಷಧಿ ಖರ್ಚಾಯಿತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಡೆನ್ಮಾರ್ಕಿನವರು 1995ರಲ್ಲಿ ‘ಡ್ಯಾನ್‌ಮ್ಯಾಪ್’ ಎಂಬ ನಿಗಾ ವ್ಯವಸ್ಥೆ ಶುರು ಮಾಡಿದರು. ಅದರ ವರದಿಯಲ್ಲಿ ಪ್ರಾಣಿ, ಆಹಾರ, ಮನುಷ್ಯ ಮೂರರ ಪ್ರತಿರೋಧವೂ ಔಷಧಿ ಬಳಕೆಯೂ ಒಟ್ಟಿಗೇ ಬರುತ್ತವೆ. ನಮ್ಮಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ‘ಇನ್ಫಾರ್’ ಎಂಬ ಜಾಲ ಕಟ್ಟಿದೆ. ಜಾನುವಾರು ಮತ್ತು ಮೀನುಗಳಲ್ಲಿನ ಪ್ರತಿರೋಧದ ಬಗ್ಗೆ 2019ರಿಂದ 2022ರವರೆಗಿನ ಅದರ ವರದಿ ಹೊರಬಂದಿದೆ. ನಿಮ್ಮ ತಾಲ್ಲೂಕಿನ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡುವ ಮೊದಲು, ಅವರು ಯಾವ ಪ್ರಾಣಿಯಿಂದ, ಬಾವು ಬಂದದ್ದರಿಂದಲೋ ಆರೋಗ್ಯವಾಗಿದ್ದದ್ದರಿಂದಲೋ, ಸ್ಯಾಂಪಲ್ ತೆಗೆದರು ಎಂದು ಓದಿಕೊಳ್ಳಿ.

ವರ್ಷಕ್ಕೊಮ್ಮೆ ಆ ಲೆಕ್ಕವನ್ನು ಒಂದೇ ಹಾಳೆಗೆ ಇಳಿಸಿ, ಹಾಲು ಅಳೆಯುವ ಕಡೆ ಗೋಡೆಗೆ ಅಂಟಿಸಿ. ಬೆಳಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ಓದುತ್ತಾರೆ. ಹಾಳೆಯ ಮೇಲೆ ಎಷ್ಟು ಸ್ಯಾಂಪಲ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ಬರೆಯಲು ಮರೆಯಬೇಡಿ.